ತಲೆಯಾಡಿಸಿದ ನೆರಳು

ಬಹಳ ಹಿಂದೆ, ಏಳು ಬೆಟ್ಟಗಳಾಚೆ ತೋರಣಗಿರಿ ಎಂಬ ರಾಜ್ಯವಿತ್ತು. ಅಲ್ಲಿ ವಿಚಾರಣೆ ನಡೆಯುತ್ತಿದ್ದುದು ಮನುಷ್ಯರದಲ್ಲ, ಅವರ ನೆರಳಿನದು. ದೂರು ಬಂದವನ ನೆರಳನ್ನು ಮಾಂತ್ರಿಕ ಕಾಳಾಂಗ ಕತ್ತರಿಸಿ ತಂದು ಸಭೆಯ ಗೋಡೆಗೆ ಹಚ್ಚುತ್ತಿದ್ದ. ದೀಪ ಹಿಡಿದು ಪ್ರಶ್ನೆ ಕೇಳುತ್ತಿದ್ದ. ನೆರಳು ಹೌದೆಂದು ತಲೆಯಾಡಿಸಿದರೆ, ಹೊತ್ತು ಮುಳುಗುವಾಗ ಆ ಮನುಷ್ಯ ಕಲ್ಲಾಗುತ್ತಿದ್ದ. ಅವನ ಉಳಿದ ಆಯುಷ್ಯ ಗುಟ್ಟಾಗಿ ಕಾಳಾಂಗನಿಗೆ ಸೇರುತ್ತಿತ್ತು. ನೆರಳಿಗೆ ಸುಳ್ಳು ಬರುವುದಿಲ್ಲವೆಂದು ರಾಜ ನಂಬಿದ್ದ.

ಒಂದು ದಿನ ರಾಜನ ರೆಕ್ಕೆಗುದುರೆ ಕಾಣೆಯಾಯಿತು. ಲಾಯದ ಆಳು ಮಾಚಯ್ಯನನ್ನು ಹಿಡಿದರು. ಅವನ ನೆರಳು ಸಭೆಯ ಗೋಡೆಗೇರಿತು. ಅವನ ಅಕ್ಕ ಸಿರಿಯವ್ವ ಬುತ್ತಿ ಹಿಡಿದು ಓಡಿಬಂದಳು.

"ನೆರಳು ಉಣ್ಣುತ್ತದೇನಮ್ಮಾ?" ಎಂದು ಕಾವಲುಗಾರ ನಕ್ಕ.

ಅವಳು ನಿಲ್ಲದೆ ಸಭೆಗೆ ನುಗ್ಗಿ ರಾಜನಿಗೆ ಕೈಮುಗಿದಳು. "ಪ್ರಭು, ತಮ್ಮನ ಮೇಲಿರುವ ದೂರೇನು?"

"ಹೇಳುವ ಪದ್ಧತಿಯಿಲ್ಲ" ಎಂದ ಕಾಳಾಂಗ. ಹೊರಗೆ ಬಿಸಿಲು ಒಂದು ಮೆಟ್ಟಿಲು ಇಳಿಯಿತು.

"ಅವನ ಪರವಾಗಿ ಮಾತಾಡಲೇ?"

"ಆ ಪದ್ಧತಿಯೂ ಇಲ್ಲ." ಕಾಳಾಂಗ ದೀಪ ಎತ್ತಿ, "ಕುದುರೆ ಕದ್ದೆಯಾ?" ಎಂದು ಕೇಳಿದ. ನೆರಳು ತಲೆಯಾಡಿಸಿತು. ಬಿಸಿಲು ಇನ್ನೊಂದು ಮೆಟ್ಟಿಲು ಇಳಿಯಿತು.

ಸಿರಿಯವ್ವ ಅತ್ತಿಂದಿತ್ತ ನಡೆದಳು. ನಡೆಯುತ್ತಲೇ ಮಾಂತ್ರಿಕನ ಮಣಿಕಟ್ಟು ನೋಡಿದಳು. "ನಾನೂ ಅದನ್ನೇ ಕೇಳುತ್ತೇನೆ ಪ್ರಭು. ದೀಪ ನೆಲದ ಮೇಲಿಡಿಸಿ."

"ಮಂತ್ರ ಕೆಡುತ್ತದೆ!" ಎಂದು ಕಾಳಾಂಗ ಅರಚಿದ.

ರಾಜ ತಾನೇ ಇಳಿದುಬಂದು ದೀಪ ಕಸಿದು ಕೆಳಗಿಟ್ಟ. ಅವಳು ಕೇಳಿದಳು. ನೆರಳು ಕದಲಲಿಲ್ಲ. ರಾಜ ದೀಪವನ್ನು ಸ್ವಲ್ಪ ವಾಲಿಸಿದ. ನೆರಳು ತಲೆಯಾಡಿಸಿತು.

"ಅಯ್ಯೋ, ಎಷ್ಟು ಜನರನ್ನು ನಾನು..." ರಾಜ ಅಂಗಳದಲ್ಲಿ ಕಲ್ಲಾಗಿ ನಿಂತವರತ್ತ ಹೊರಟ.

"ಅದು ಆಮೇಲೆ, ಪ್ರಭು. ಬಿಸಿಲು ಕೊನೆಯ ಮೆಟ್ಟಿಲಲ್ಲಿದೆ. ತಮ್ಮನನ್ನು ಕರೆಸಿ!"

ಮಾಚಯ್ಯನನ್ನು ಹೊತ್ತು ತಂದರು. ಅವನ ಪಾದ ಆಗಲೇ ಕಲ್ಲಾಗಿತ್ತು. ನೆರಳು ಗೋಡೆಯಿಂದ ಜಾರಿ ಓಡಿಹೋಗಿ ಪಾದಕ್ಕೆ ಅಂಟಿಕೊಂಡಿತು. ಪಾದ ಬೆಚ್ಚಗಾಯಿತು.

"ಈಗ ನೀನು ಹೇಳಪ್ಪಾ" ಎಂದ ರಾಜ.

"ಕುದುರೆಯನ್ನು ಕಾಳಾಂಗ ಗುಹೆಗೆ ಎಳೆದೊಯ್ದದ್ದನ್ನು ಕಂಡೆ. ಹೇಳಲು ಬರುತ್ತಿದ್ದೆ, ಹಿಡಿದರು. ಇಲ್ಲಿಯವರೆಗೆ ನನ್ನನ್ನು ಯಾರೂ ಕೇಳಲಿಲ್ಲ."

ಭಟರು ಗುಹೆಯಿಂದ ಕುದುರೆಯನ್ನು ತಂದರು. "ಮಾಂತ್ರಿಕನನ್ನು ಕಲ್ಲು ಮಾಡಿ!" ಎಂದು ಸಭೆ ಕೂಗಿತು.

"ಬೇಡ. ಮೊದಲು ಅವನನ್ನೂ ಕೇಳಿ" ಎಂದಳು ಸಿರಿಯವ್ವ.

ರಾಜ ಕೇಳಿದ. ಕಾಳಾಂಗ ಉತ್ತರಿಸಲು ಬಾಯಿ ತೆರೆದ. ಪ್ರಶ್ನೆ ಅವನತ್ತಲೇ ತಿರುಗಿದೊಡನೆ ಮಂತ್ರ ಮುರಿದು, ಕದ್ದ ಆಯುಷ್ಯವೆಲ್ಲ ಬೆಳ್ಳಗೆ ಹೊರಬಂದು ಅಂಗಳದ ಕಲ್ಲುಗಳನ್ನು ಮುಟ್ಟಿತು. ಕಲ್ಲುಗಳು ಮೈಮುರಿದು ಎದ್ದವು. ಮಂತ್ರವೆಲ್ಲ ಹೋದ ಕಾಳಾಂಗ ಬರಿಯ ಮುದುಕನಾಗಿ ಕುಸಿದು ಕುಳಿತ.

ಒಡೆದಿದ್ದ ಒಂದು ಕಲ್ಲು ಮಾತ್ರ ಏಳಲಿಲ್ಲ. ಉಳಿದವರೆಲ್ಲ ತಮ್ಮ ತಮ್ಮ ಮನೆ ಸೇರಿ ಸುಖವಾಗಿ ಬಾಳಿದರು. ರಾಜ ಆ ಕಲ್ಲಿನ ಪಕ್ಕ ನೆಲದ ಮೇಲೆ ಕುಳಿತು, ಕಲ್ಲಾದವನ ಮೇಲಿದ್ದ ದೂರನ್ನೂ ಮೊದಲಿನಿಂದ ವಿಚಾರಿಸತೊಡಗಿದ.