ಮುದ್ರೆ ಇಲ್ಲದ ಸುರುಳಿ

ಶನಿವಾರ ಬೆಳಿಗ್ಗೆ ಒಂಬತ್ತೂವರೆ. ಅಮೆರಿಕದ ನಾರ್ತ್ ಕ್ರೀಕಿನಲ್ಲಿ ಕುಂಚದಿಂದ ಬರೆಯುವ ಚೀನೀ ಕೈಬರಹ ಕಲಿಸುವ ಲಿನ್ ಅವರ ಗೋಡೆಯ ಮೇಲೆ ತೂಗುತ್ತಿದ್ದ ಸುರುಳಿ ನಕಲಿ. ಅಕ್ಷರಗಳೆಲ್ಲ ಇದ್ದವು, ಕೆಳಗಿನ ಕೆಂಪು ಮುದ್ರೆ ಇರಲಿಲ್ಲ.

ಅಸಲು ಲಿನ್ ಅವರ ಗುರುವಿನ ಕೈಬರಹ. ಅದನ್ನು ನಕಲು ಮಾಡುತ್ತಲೇ ಲಿನ್ ಕಲಿತಿದ್ದರು. ಈಗ ಅದರ ಜೆರಾಕ್ಸ್ ಕೊಟ್ಟು ಕಲಿಸುತ್ತಿದ್ದರು.

"ಹೀಗೆ ಬರೆಯಬಲ್ಲವಳು ನೀನೊಬ್ಬಳೇ," ಎಂದು ವಿದ್ಯಾರ್ಥಿನಿ ಅಪೂರ್ವಾಳಿಗೆ ಇಂಗ್ಲಿಷಿನಲ್ಲಿ ಹೇಳಿದರು. "ಅಸಲನ್ನು ತಂದುಕೊಡು. ಇನ್ನು ತರಗತಿಗೆ ಬರಬೇಡ."

ಅಪೂರ್ವಾ ತನ್ನ ಪಕ್ಕದ ಮನೆಯ ಚಂದ್ರಮೌಳಿಗೆ ಫೋನ್ ಮಾಡಿದಳು. ಅವರು ಹತ್ತಿರದ ಎವರೆಟ್‌ನ ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳನ್ನು ತಪಾಸಣೆ ಮಾಡಿ ನಿವೃತ್ತರಾದವರು.

"ನನ್ನನ್ನ ಕಳ್ಳಿ ಅಂದ್ಬಿಟ್ರು ಅಂಕಲ್!"

"ಅಳಬೇಡಮ್ಮ. ನಿನ್ನ ಜೆರಾಕ್ಸ್ ತೆಗ್ದಿಡು, ಬರ್ತೀನಿ."

ಬಂದವರು ಜೆರಾಕ್ಸನ್ನು ಸುರುಳಿಯ ಪಕ್ಕ ಹಿಡಿದರು.

"ಜೆರಾಕ್ಸಲ್ಲಿ ಈ ಕೊನೇ ಅಕ್ಷರದ ಬಾಲ ಎಲ್ಲಿ ಹೋಯ್ತಮ್ಮ?"

"ಅಸಲಲ್ಲೇ ಇಲ್ಲ ಅಂಕಲ್. ಗೋಡೆ ಸೋರಿ ಅಲ್ಲಿ ಕಾಗದ ಕಿತ್ತುಹೋಗಿದೆ."

"ನೀನೇ ಸೇರಿಸ್ಬೋದಲ್ವಾ?"

"ಅಯ್ಯೋ, ಸೇರಿಸೋ ಹಾಗಿಲ್ಲ! ಅಲ್ಲಿ ಖಾಲಿ ಇದ್ರೆ ನಾವೂ ಖಾಲಿ ಬಿಡ್ಬೇಕು. ಸ್ವಂತ ಬುದ್ಧಿ ಉಪಯೋಗಿಸಿದ್ರೆ ಬೈತಾರೆ."

ಗೋಡೆಯ ಮೇಲಿನ ಸುರುಳಿಯಲ್ಲಿ ಬಾಲ ಪೂರ್ತಿ ಇತ್ತು.

ಚಂದ್ರಮೌಳಿ ಲಿನ್ ಕಡೆ ತಿರುಗಿದರು. "ಗೋಡೆ ಸೋರಿದ್ದು ಯಾವಾಗ?"

"ಎಂಟು ವರ್ಷದ ಹಿಂದೆ."

"ಆಗ ನಿಮ್ಮಲ್ಲಿ ಯಾರು ಕಲಿಯುತ್ತಿದ್ದರು?"

"ನನ್ನ ಮಗಳು, ಮೇಲಿಂಗ್. ಅವಳೊಬ್ಬಳೇ. ಆ ವರ್ಷವೇ ಕುಂಚ ಬಿಟ್ಟಳು."

"ಅಪೂರ್ವಾ ಆ ಬಾಲವನ್ನು ನೋಡಿಯೇ ಇಲ್ಲ. ಬರೆದವರ ಕೈಗೆ ಅದು ನೆನಪಿತ್ತು. ನಿಮ್ಮ ಕಣ್ಣಿಗೂ ನೆನಪಿದೆ — ಅದಕ್ಕೇ ಅದು ಇರಬಾರದಿತ್ತು ಅಂತ ನಿಮಗೆ ಹೊಳೆಯಲಿಲ್ಲ. ಮಗಳನ್ನು ಕರೆಯಿರಿ."

ಮೇಲಿಂಗ್ ಮಧ್ಯಾಹ್ನ ಬಂದಳು. ಕೇಳಿದೊಡನೆ ಒಪ್ಪಿಕೊಂಡಳು. ಅಸಲಿನ ಕಾಗದ ಪುಡಿಯಾಗುತ್ತಿತ್ತು; ಅಸಲನ್ನು ದುರಸ್ತಿಗೆ ಕೊಟ್ಟು ತನ್ನ ನಕಲನ್ನು ತೂಗುಹಾಕಿದ್ದಳು.

"ನನ್ನನ್ನು ಕೇಳಬಹುದಿತ್ತು," ಎಂದರು ಲಿನ್.

"ಮೂರು ಸಲ ಕೇಳಿದೆ ಅಪ್ಪ. ಗೋಡೆಯಿಂದ ಇಳಿಸಲು ನೀವು ಬಿಡಲಿಲ್ಲ."

"ಮುದ್ರೆ ಯಾಕೆ ಹಾಕಲಿಲ್ಲ?" ಚಂದ್ರಮೌಳಿ ಕೇಳಿದರು.

"ಅದು ಗುರುಗಳದು. ಹಾಕಿದ್ದರೆ ಮೋಸ ಆಗುತ್ತಿತ್ತು." ಅವಳು ಅಪೂರ್ವಾಳ ಕೈ ಹಿಡಿದಳು. "ಆರೋಪ ನಿನ್ನ ತಲೆಗೆ ಬರುತ್ತದೆ ಅಂದುಕೊಂಡಿರಲಿಲ್ಲ. ಕ್ಷಮಿಸು."

ಲಿನ್ ಸುರುಳಿಯ ಹತ್ತಿರ ಹೋಗಿ ಆ ಬಾಲವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಪೂರ್ವಾಳ ಮುಂದೆ ನಿಂತು ತಲೆ ಬಾಗಿಸಿದರು.

ಮುಂದಿನ ಶನಿವಾರ ಅಪೂರ್ವಾ ತರಗತಿಗೆ ಹೋದಳು. ಎಲ್ಲರಿಗೂ ಹೊಸ ಜೆರಾಕ್ಸ್ ಸಿಕ್ಕಿತು. ಅದನ್ನು ತೆಗೆದದ್ದು ಮೇಲಿಂಗ್ ಬರೆದ ಸುರುಳಿಯಿಂದ.