ಐದನೆಯ ಗೋರಿ

೨೦೧೪ರ ಆಗಸ್ಟ್ ೧೨, ಮಂಗಳವಾರ, ಬೆಳಗ್ಗೆ ಒಂಬತ್ತೂಕಾಲಕ್ಕೆ ಪಾದೆರ್ ಠಾಣೆಗೆ ಕೋರ್ಟಿನ ಗುಮಾಸ್ತ ನ್ಯೆಕೊ ಬಂದು ದೂರು ಬರೆಸಿದ. ಲಕೋಗ ಊರಿನ ಜಮೀನು ತಕರಾರಿನಲ್ಲಿ ಹಿಂದಿನ ಮ್ಯಾಜಿಸ್ಟ್ರೇಟರು ಮಾರ್ಚ್ ತಿಂಗಳಲ್ಲಿ ಸ್ಥಳ ನೋಡಿ ನಕ್ಷೆ ಬರೆಸಿದ್ದರು. ಅವರಿಗೆ ವರ್ಗವಾಯಿತು. ಹೊಸಬರು ತಾವೇ ಕಣ್ಣಾರೆ ನೋಡಬೇಕೆಂದು ನಿನ್ನೆ ಹೋಗಿದ್ದರು. ನಕ್ಷೆಯಲ್ಲಿ ಗೋರಿ ನಾಲ್ಕು, ನೆಲದ ಮೇಲೆ ಐದು.

ಅಲ್ಲಿ ಯಾರ ಹೊಲಕ್ಕೂ ಕಾಗದವಿಲ್ಲ. ಯಾರ ಹಿರಿಯರು ಮಲಗಿದ್ದಾರೋ ನೆಲ ಅವರದು. ಹಾಗಾಗಿ ಒಂದು ಗೋರಿ ಹೆಚ್ಚಾದರೆ ಅದು ಪೊಲೀಸರ ಕೆಲಸ.

ಎಣಿಸುವಾಗ ತಪ್ಪಿರಬಹುದಲ್ಲ ಎಂದು ಇನ್ಸ್‌ಪೆಕ್ಟರ್ ಓರ್ಯೆಮ ಕೇಳಿದ. ನಕ್ಷೆಯ ಮೇಲೆ ಏಳು ಜನ ಹಿರಿಯರ ಹೆಬ್ಬೆಟ್ಟು ಬಿದ್ದಿದೆ ಎಂದು ನ್ಯೆಕೊ ಹಾಳೆ ಮುಂದಿಟ್ಟ.

ಮಧ್ಯಾಹ್ನ ಕಾನ್‌ಸ್ಟೇಬಲ್ ಅಚಿರೊಳನ್ನು ಕರೆದುಕೊಂಡು ಓರ್ಯೆಮ ಲಕೋಗಕ್ಕೆ ಹೋದ. ವಾದಿ ಕಿತಾರ ದಾರಿಯಲ್ಲೇ ಕಾದಿದ್ದ. ನಾಲ್ಕು ಗೋರಿಯೂ ಅವನ ಮನೆತನದವು. ಪ್ರತಿವಾದಿ, ವಿಧವೆ ಲಮ್ವಾಕಳ ಮಾವನನ್ನು ತನ್ನ ಅಜ್ಜ ಅತಿಥಿಯಾಗಿ ಇಟ್ಟುಕೊಂಡಿದ್ದ, ಅತಿಥಿ ಏಳುವ ಹೊತ್ತಾಯಿತು ಅನ್ನುವುದು ಅವನ ವಾದ.

"ಎಲ್ಲರ ಮನೇಲೂ ಮಕ್ಕಳು ಹುಟ್ತಾವೆ ಸಾಹೇಬ್ರೆ, ಈ ಮುದುಕಿ ಮನೇಲಿ ಹೆಣ ಹುಟ್ಟಿದೆ," ಅಂದ.

ಲಮ್ವಾಕ ಅಂಗಳದಲ್ಲಿ ಒಬ್ಬಳೇ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಗೋರಿ ತನ್ನ ಮಗ ಒಕೇಮನದು, ಮಾರ್ಚಿನಲ್ಲಿ ಹುಲ್ಲು ಮುಚ್ಚಿತ್ತು, ಆಮೇಲೆ ಸಿಮೆಂಟು ಹಾಕಿದೆ ಎಂದಳು. ಸಿಮೆಂಟಿನಲ್ಲಿ ಮೊಳೆಯಿಂದ ಗೀಚಿತ್ತು: ಒಕೇಮ, ೯-೭-೨೦೦೩.

ಓರ್ಯೆಮ ಆ ಅಂಕಿಯನ್ನು ಬರೆದುಕೊಂಡ. ಬಂಡುಕೋರರ ಹಾವಳಿಗೆ ಊರೂರನ್ನೇ ಖಾಲಿ ಮಾಡಿಸಿದ್ದ ಆ ವರ್ಷ ಅವನೂ ನಿರಾಶ್ರಿತರ ಶಿಬಿರದಲ್ಲಿದ್ದ. ಊರಲ್ಲಿ ನಾಯಿಯೂ ಇರಲಿಲ್ಲ. ಶಿಬಿರ ದಾಟಿದವರಿಗೆ ಗುಂಡು. ಸತ್ತವರನ್ನೆಲ್ಲ ಶಿಬಿರದ ಅಂಚಿನಲ್ಲೇ ಹೂಳಿದ್ದರು. ಅವನ ತಾಯಿಯನ್ನೂ ಅಲ್ಲೇ.

"ಶಿಬಿರದಿಂದ ಇಲ್ಲಿಗೆ ಹನ್ನೆರಡು ಮೈಲಿ. ಹೆಣ ಯಾರು ಹೊತ್ತು ತಂದ್ರು ಅವ್ವಾ?"

"ನಾನೇ."

"ಒಬ್ಬಳೇ?"

"ನನ್ನ ಕೆಲಸಕ್ಕೆ ಇನ್ಯಾರು ಬರ್ತಾರೆ."

ಮರುದಿನ ಅಚಿರೊ ತಾಲೂಕು ಕಚೇರಿಯ ಕಪಾಟಿನಿಂದ ಶಿಬಿರದ ಹಳೆಯ ರೇಷನ್ ಪುಸ್ತಕ ಹುಡುಕಿಸಿದಳು. ಅಂಚುಗಳನ್ನು ಗೆದ್ದಲು ತಿಂದಿತ್ತು. ಲಮ್ವಾಕಳ ಮನೆಯ ಸಾಲಿನಲ್ಲಿ ಗಂಡನ ಹೆಸರಿನ ಮುಂದೆ 'ಮೃತ' ಎಂದಿತ್ತು. ಒಕೇಮ, ಹನ್ನೊಂದು ವರ್ಷ, ಅದರ ಮುಂದೆ 'ಅಪಹೃತ, ೯ ಜುಲೈ ೨೦೦೩'. ಬಂಡುಕೋರರು ಒಯ್ದವರಿಗೆಲ್ಲ ಅದೇ ಪದ. 'ಮೃತ' ಎಂದು ಆಮೇಲೆ ಯಾರೂ ತಿದ್ದಿರಲಿಲ್ಲ.

ಆಗಸ್ಟ್ ೨೧, ಗುರುವಾರ, ಬೆಳಗ್ಗೆ ಹನ್ನೊಂದಕ್ಕೆ ಕೋರ್ಟಿನ ಆದೇಶದಂತೆ, ವೈದ್ಯರೂ ಇಬ್ಬರು ಪಂಚರೂ ಎದುರಿದ್ದು, ಗೋರಿ ಅಗೆದರು. ಮೂರು ಅಡಿಗೆ ಎಂದೂ ಅಗೆಯದ ಗಟ್ಟಿ ನೆಲ ಸಿಕ್ಕಿತು. ಮೂಳೆ ಇರಲಿಲ್ಲ. ಮಡಿಸಿಟ್ಟ ಒಂದು ಶಾಲೆ ಅಂಗಿ ಇತ್ತು. ಅದನ್ನು ಪಂಚನಾಮೆಯಲ್ಲಿ ಬರೆದುಕೊಂಡರು.

ಕಿತಾರ ನಗಲಿಲ್ಲ. ಟೋಪಿ ತೆಗೆದು ಪಕ್ಕಕ್ಕೆ ಸರಿದ.

"ಬದುಕಿರಬಹುದಾದ ಮಗನಿಗೆ ಗೋರಿ ಕಟ್ಟಿದೆಯಲ್ಲವ್ವಾ," ಎಂದ ಓರ್ಯೆಮ.

"ಸತ್ತ ಅಂತ ನಾನೆಲ್ಲಿ ಬರೆದೆ? ಹೆಸರು ಬರೆದೆ, ಹೋದ ದಿನ ಬರೆದೆ," ಎಂದಳು ಲಮ್ವಾಕ. "ಅವತ್ತು ನಕ್ಷೆ ಬರೆಸೋಕೆ ಬಂದ ಆ ದೊಡ್ಡ ಮನುಷ್ಯರು ನಿನ್ನ ಗೋರಿ ಎಲ್ಲಿ ಅಂದ್ರು. ಇಲ್ಲ ಅಂದೆ. ಇಲ್ಲ ಅಂತಲೇ ಬರ್ಕೊಂಡ್ರು. ನನ್ನನ್ನ ಎಬ್ಬಿಸಿದ್ರೆ ಅವನು ಬರೋದೆಲ್ಲಿಗೆ? ಅವನಿಗೆ ಗೊತ್ತಿರೋದು ಇದೊಂದೇ ದಾರಿ."

ಕೋರ್ಟಿನ ಮುಂದೆ ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಆರೋಪದ ಮೇಲೆ ಮಧ್ಯಾಹ್ನ ಹನ್ನೆರಡೂವರೆಗೆ ಲಮ್ವಾಕಳನ್ನು ಬಂಧಿಸಲಾಯಿತು. ಪಂಚರು ಗುಂಡಿ ಮುಚ್ಚಿದರು. ಲಮ್ವಾಕ ಆ ಬೆಳಗ್ಗೆ ಬಿಡಿಸಿದ್ದ ಕಡಲೆಕಾಯಿಯನ್ನು ಮೊರಕ್ಕೆ ಹಾಕಿ ಒಳಗಿಟ್ಟು ಬಂದಳು.

ಅಚಿರೊ ಮನೆಗೆ ಬೀಗ ಹಾಕಲು ಹೋದಾಗ ಮುದುಕಿ ಅವಳ ಕೈ ಹಿಡಿದಳು.

"ಬೀಗ ಬೇಡ ಮಗಳೇ. ಬಾಗಿಲು ಬರೇ ಮುಂದೆ ಮಾಡು."

ಅಚಿರೊ ಇನ್ಸ್‌ಪೆಕ್ಟರನ ಮುಖ ನೋಡಿದಳು. ಅವನು ತಲೆಯಾಡಿಸಿದ. ಅವಳು ಬಾಗಿಲನ್ನು ಮುಂದೆ ಮಾಡಿ, ಬೀಗವನ್ನು ಜೇಬಿಗೆ ಹಾಕಿಕೊಂಡು ಜೀಪು ಹತ್ತಿದಳು.