ಮಾವನ ಮಂಚದ ಹಲಗೆ

“ಆ ಮಂಚದ ಮೊಳೆ ಮಾತ್ರ ಕೀಳಬೇಡಿ,” ಎಂದರು ಅತ್ತೆ, ಹಿತ್ತಿಲ ಬಾಗಿಲು ದಾಟದೆ. “ನಿಮ್ಮ ಮಾವನ ದನಿ ಅದರಲ್ಲಿದೆ.”

ಅಳಿಯನಿಗೆ ನಗು ತಡೆಯಲಾಗಲಿಲ್ಲ. ಅವನು ಕಣ್ಣಾರೆ ಕಾಣದ ಆ ಮಾವ ಶಾಪ ಹಾಕಿದರೆ ಹಾಕಿಸಿಕೊಂಡವರು ಬದುಕುತ್ತಿರಲಿಲ್ಲವಂತೆ. ಸತ್ತ ಮೇಲೂ ಮಂಚದಿಂದ ಬೈಗುಳ ಕೇಳಿಸಿತಂತೆ. ಕೊನೆಗೆ ಅತ್ತೆ ಮಂತ್ರವಾದಿಯನ್ನು ಕರೆಸಿ, ಆ ದನಿಯನ್ನು ಹಲಗೆಗೆ ಮೊಳೆ ಹೊಡೆಸಿ ಕಟ್ಟಿಹಾಕಿದರಂತೆ. ಹಾಗಿದ್ದರೆ ಈ ಹಲಗೆಗಳ ಪಾತಿಯಲ್ಲಿ ನೆಡುವ ಟೊಮೆಟೊಗೆ ಗೊಬ್ಬರವೇ ಬೇಡ, ಮಾವ ಗದರಿದರೆ ಸಾಕು ಎಂದು ಅಳಿಯ ತಮಾಷೆ ಮಾಡಿದ.

ಹಿತ್ತಿಲ ನೆಲ ಬರೀ ಕಲ್ಲು. ಮಂಚದ ಹಲಗೆಗಳನ್ನು ನಾಲ್ಕು ಕಡೆ ನಿಲ್ಲಿಸಿ ಮಣ್ಣು ತುಂಬಿದರೆ ಮೊಣಕಾಲೆತ್ತರದ ಪಾತಿ ಸಿದ್ಧ. ತುಕ್ಕು ಹಿಡಿದ ಮೊಳೆಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದ. ಪ್ರತಿ ತೂತಿನಿಂದಲೂ ಹಳಸಿದ ಉಸಿರಿನ ವಾಸನೆ ಬಂತು. ಹಳೇ ಮರ ತಾನೇ ಎಂದುಕೊಂಡ.

ಅವನ ಪುಟ್ಟ ಮಗಳು ಚೂಟಿ, ಅರಳು ಹುರಿದಂತೆ ಮಾತಾಡುತ್ತ ಸಸಿ ಊರಿದಳು. ಕೊನೆಯದನ್ನು ಊರಿದವಳು ಅರ್ಧ ಮಾತಿಗೇ ನಿಂತುಬಿಟ್ಟಳು. ಬಾಯಿ ಆಡುತ್ತಿತ್ತು, ದನಿ ಇರಲಿಲ್ಲ. ವೈದ್ಯರು ಗಂಟಲು ನೋಡಿ ಏನೂ ಇಲ್ಲವೆಂದರು. ಕೂಸಿನ ಮೂಕ ಅಳು ನೋಡಿ ಅಳಿಯ ಅತ್ತೆಯ ಕಾಲು ಹಿಡಿದ.

“ಅದೇ ತೂತಿಗೆ ಅದೇ ಮೊಳೆ ಬಡೀರಿ. ಏನೇ ಕೇಳಿಸಲಿ, ನಿಲ್ಲಿಸಬೇಡಿ,” ಎಂದರು ಅತ್ತೆ. ಅವರಿಗೆ ಗೊತ್ತಿದ್ದದ್ದೂ ಅಷ್ಟೇ.

ಮುಸ್ಸಂಜೆ. ಗಾಳಿಯಿಲ್ಲ. ಸುತ್ತಿಗೆ ಬಿತ್ತು. ಪಾತಿಯ ಮಣ್ಣು ನಡುಗಿತು. ಒಳಗಿಂದ ಸಣ್ಣ ದನಿ. ಅಪ್ಪಾ. ಅವನ ಕೈ ನಿಂತಿತು. ಮಾವನ ಆಟ, ಮೋಸ ಹೋಗಬಾರದು. ಬಡಿದ. ಅಪ್ಪಾ, ನೋಯುತ್ತೆ. ಬಡಿದ. ಅಪ್ಪಾ, ಬೇಡ, ನಾನು. ಕಣ್ಣು ಮುಚ್ಚಿ ಬಡಿದ. ಕೊನೆಯ ಮೊಳೆ ಹಲಗೆಯೊಳಗೆ ಇಳಿಯಿತು. ಮಣ್ಣು ಸುಮ್ಮನಾಯಿತು.

ಎದ್ದುಬಿದ್ದು ಒಳಗೆ ಓಡಿದ. ಚೂಟಿ ಅಜ್ಜಿಯ ತೊಡೆಯ ಮೇಲೆ ಕೂತಿದ್ದಳು. ಅಪ್ಪನನ್ನು ನೋಡಿ ನಕ್ಕಳು. ಬಾಯಿ ತೆರೆದಳು. ಹಳಸಿದ ಉಸಿರು ಕೋಣೆ ತುಂಬಿತು.

“ಚೆನ್ನಾಗಿ ಬಡಿದಿರಿ, ಅಳಿಯಂದ್ರೇ,” ಎಂದಿತು ಮುದುಕನ ಗೊಗ್ಗರು ದನಿ. ಆಮೇಲೆ ಮಗು ನಿಧಾನವಾಗಿ ಅಜ್ಜಿಯ ಕಡೆ ತಿರುಗಿತು.

“ಈಗ ನೀನು ಹೇಳೇ. ನನ್ನ ಬಾಯಿ ಕಟ್ಟಿಸಿದ್ದು ಯಾರು?”